ಎತ್ತು ಏರಿಗೆ, ಕೋಣ ನೀರಿಗೆ

‘ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು’ ಎಂಬ ಗಾದೆಯನ್ನು ನಾವು ಬಳಸುವುದು ಮನುಷ್ಯರ ವಿಷಯಕ್ಕೆ. ಗಂಡಹೆಂಡಿರಿಗೆ ಹೊಂದಾಣಿಕೆ ಇಲ್ಲದಿದ್ದರೆ, ಅಣ್ಣತಮ್ಮಂದಿರು ಆಸ್ತಿ ಪಾಲಿಗೆ ಕೂತು ಒಂದು ಮಾತಿಗೆ ಬರದಿದ್ದರೆ, ಯಾರಾದರೂ ಹಿರಿಯರು ಈ ಗಾದೆ ಎತ್ತುತ್ತಾರೆ, ಕೇಳಿದವರು ಹೌದೆಂದು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಎತ್ತೂ ಮರೆತುಹೋಗಿರುತ್ತದೆ, ಕೋಣವೂ ಮರೆತುಹೋಗಿರುತ್ತದೆ. ನನ್ನ ಕಣ್ಣು ಮಾತ್ರ ಆ ಎರಡು ಪ್ರಾಣಿಗಳ ಮೇಲೇ. ಎಂದೋ ಒಂದು ಕಾಲಕ್ಕೆ, ಜೋಡಿಗೆ ಎತ್ತು ಸಿಗದೆ ಒಂದೇ ನೊಗಕ್ಕೆ ಎತ್ತನ್ನೂ ಕೋಣವನ್ನೂ ಹೂಡಿ, ಕೆರೆಯ ಪಕ್ಕದ ಹೊಲದಲ್ಲಿ ಮಟಮಟ ಮಧ್ಯಾಹ್ನ ಪಾಡು ಪಟ್ಟ ರೈತನ ಬಾಯಿಂದಲೇ ಬಂದ ಮಾತಿರಬೇಕು ಅದು. ಹೊತ್ತೇರಿದ ಮೇಲೆ ಕೋಣ ನೀರಿಗೆ ಎಳೆದೇ ಎಳೆಯುತ್ತದೆ. ಅದಕ್ಕೆ ಹಾಗೆ ಮಾಡು ಎಂದು ಹೇಳುವುದು ಅದರ ತೊಗಲು.

ನಮ್ಮ ಹಳ್ಳಿಕಾರ್, ಅಮೃತಮಹಲ್ ಎತ್ತುಗಳ ಮೈತುಂಬ ಬೆವರಿನ ಗ್ರಂಥಿಗಳು ದಟ್ಟವಾಗಿವೆ, ತೊಗಲಿನ ಮೇಲ್ಪದರಕ್ಕೆ ಹತ್ತಿರದಲ್ಲೇ ಇವೆ. ನುಣುಪಾದ ಬಿಳಿ, ಬೂದು ಕೂದಲು ಬಿಸಿಲನ್ನು ಒಂದಷ್ಟು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಎತ್ತು ದುಡಿಯುತ್ತಲೇ ಬೆವರಿ, ಬೆವರುತ್ತಲೇ ತಣಿಯಬಲ್ಲದು. ಎಮ್ಮೆ ಕೋಣಗಳಿಗೆ ಆ ಅನುಕೂಲವಿಲ್ಲ. ಬೆವರಿನ ಗ್ರಂಥಿಗಳು ಬಹಳ ವಿರಳ. ಕಪ್ಪು ತೊಗಲು ಬಿಸಿಲನ್ನೆಲ್ಲ ಹೀರಿಕೊಳ್ಳುತ್ತದೆ. ಕರುವಾಗಿದ್ದಾಗ ಇದ್ದ ಒತ್ತು ಕೂದಲು ಬೆಳೆಯುತ್ತ ಉದುರಿಹೋಗಿ ಬಿಸಿಲು ನೇರ ಮೈಗೇ ಬೀಳುತ್ತದೆ. ಬಯಲಲ್ಲಿ ನಿಲ್ಲಿಸಿದರೆ ಎತ್ತಿಗಿಂತ ಬೇಗ ಎಮ್ಮೆಯ ಮೈ ಕಾಯುತ್ತದೆ. ಆದರೆ ನೀರಿಗೆ ಇಳಿದರೆ ಎತ್ತಿಗಿಂತ ಬೇಗ ತಣಿಯುವುದೂ ಎಮ್ಮೆಯೇ, ಏಕೆಂದರೆ ತೊಗಲಿನಡಿ ರಕ್ತನಾಳಗಳು ಹೇರಳ. ಮೈಯೊಳಗಿನ ಕಾವನ್ನೆಲ್ಲ ರಕ್ತ ಹೊತ್ತು ತಂದು ತೊಗಲಿಗೆ ಮುಟ್ಟಿಸುತ್ತದೆ, ಹೊರಗೆ ನೀರು ಅದನ್ನು ತೆಗೆದುಕೊಂಡು ಹೋಗುತ್ತದೆ. ತನ್ನೊಳಗಿಂದ ಬರದ ಬೆವರನ್ನು ಎಮ್ಮೆ ಕೆರೆಯಿಂದ ಪಡೆಯುತ್ತದೆ.

ಕೆರೆಗೆ ಇಳಿಯುವ ಎಮ್ಮೆಯನ್ನು ನಿಂತು ನೋಡಬೇಕು. ದಡದಲ್ಲಿ ಮೂಗು ತಾಗಿಸಿ ನೀರು ಮೂಸುತ್ತದೆ. ಮುಂಗಾಲು ಊರುತ್ತದೆ, ಗೊರಸಿನ ಎರಡು ಹೋಳು ಅಗಲಿಸಿ ಕೆಸರಿನ ಮೇಲೆ ಹರಡಿಕೊಳ್ಳುತ್ತವೆ, ಹಾಗಾಗಿ ಹೂತುಹೋಗದೆ ಹೆಜ್ಜೆ ಕಿತ್ತಿಡಬಲ್ಲದು. ಹೊಟ್ಟೆಗೆ ನೀರು ಮುಟ್ಟುವವರೆಗೆ ನಡೆದು, ಅಲ್ಲಿ ಮೊಣಕಾಲು ಮಡಿಸಿ ಒಂದೇ ಸಲಕ್ಕೆ ಕೂತುಬಿಡುತ್ತದೆ. ಆಮೇಲೆ ಕಾಣುವುದು ಕೊಂಬು, ಕಿವಿ, ಕಣ್ಣು, ಮೂಗಿನ ಹೊಳ್ಳೆ, ಬೆನ್ನಿನ ಒಂದು ಗೆರೆ. ಉಸಿರು ಬಿಟ್ಟಾಗೊಮ್ಮೆ ಮೂಗಿನ ಮುಂದೆ ನೀರು ಅಲೆಯಾಡುತ್ತದೆ. ಮೆಲುಕು ಶುರುವಾಗುತ್ತದೆ. ಮೇಲೆದ್ದಾಗ ಮೈಗೆ ಮೆತ್ತಿದ ಕೆಸರು ಇನ್ನೊಂದು ಹೊತ್ತು ತಂಪು ಹಿಡಿದಿಡುತ್ತದೆ, ನೊಣ ಕಚ್ಚದಂತೆಯೂ ಕಾಯುತ್ತದೆ. ಹಾಸನದ ಕಡೆಯ ಒಬ್ಬ ಅಜ್ಜಿ ಎಮ್ಮೆ ಹೊಡಕೊಂಡು ಬರುತ್ತ ಹೇಳಿದ್ದು ನನಗೆ ಹಾಗೇ ನೆನಪಿದೆ: “ಬಿಸಿಲಾಗೆ ಕಟ್ಟಾಕಿದ್ರೆ ಎಮ್ಮೆ ಹಾಲು ಇಳಿಸಾಕಿಲ್ಲ ಕಣಪ್ಪ. ನೀರು ಕಾಣ್ಬೇಕು ಅದು.” ಪಶುವೈದ್ಯರು ಹೇಳುವುದೂ ಅದನ್ನೇ. ಬೇಸಿಗೆಯಲ್ಲಿ ಎಮ್ಮೆಗೆ ನೀರು ಎರಚಿದರೆ, ನೆರಳು ಕೊಟ್ಟರೆ ಹಾಲು ಕುಗ್ಗದೆ ಉಳಿಯುತ್ತದೆ, ಇಲ್ಲದಿದ್ದರೆ ಕಡಿಮೆಯಾಗುತ್ತದೆ. ಸೆಖೆಯಲ್ಲಿ ಎಮ್ಮೆ ಬೆದೆಗೆ ಬಂದರೂ ಕೂಗದೆ, ಕುಣಿಯದೆ, ರಾತ್ರಿ ತಂಪಿನಲ್ಲಿ ಅಷ್ಟಿಷ್ಟು ತೋರಿಸಿ ಸುಮ್ಮನಾಗುತ್ತದೆ. ಮೂಕ ಬೆದೆ ಎನ್ನುವುದು ಇದಕ್ಕೇ. ಯಜಮಾನನಿಗೆ ಗೊತ್ತಾಗುವುದಿಲ್ಲ, ಎಮ್ಮೆ ಗಬ್ಬ ಕಟ್ಟುವುದಿಲ್ಲ, ಬಂಜೆ ಎಂಬ ಹೆಸರು ಹೊತ್ತು ಸಂತೆಗೆ ಹೋಗುತ್ತದೆ.

ಕರಾವಳಿಯಲ್ಲಿ ಕಂಬಳದ ಕೋಣ ಸಾಕುವವರಿಗೆ ಈ ಮೈಯ ಗುಟ್ಟು ತಲೆತಲಾಂತರದಿಂದ ಗೊತ್ತು. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ತಿಕ್ಕುವುದು, ಈಜಿಸುವುದು ಎಲ್ಲವೂ ದಿನಚರಿ. ಓಟವೂ ಕೆಸರುಗದ್ದೆಯಲ್ಲೇ. ಒಣ ನೆಲದಲ್ಲಿ ಎತ್ತಿನ ಓಟ, ನೀರು ನಿಂತ ಗದ್ದೆಯಲ್ಲಿ ಕೋಣದ ಓಟ. ನಮ್ಮ ಹಿರಿಯರು ಆಟದಲ್ಲೂ ಪ್ರಾಣಿಯ ಗೊರಸು ನೋಡಿದ್ದರು.

ಇಷ್ಟೆಲ್ಲ ಬಲ್ಲ ಜನ ಎಮ್ಮೆಯನ್ನು ಬೈಯುವ ಗಾದೆಗಳನ್ನೂ ಕಟ್ಟಿದ್ದಾರೆ ಎಂಬುದು ನನಗೆ ನೋವಿನ ಸಂಗತಿ. ‘ಎಮ್ಮೆ ಮೇಲೆ ಮಳೆ ಹುಯ್ದಂತೆ’ ಎನ್ನುತ್ತಾರೆ, ಎಷ್ಟು ಹೇಳಿದರೂ ನಾಟದವರಿಗೆ. ಮಳೆ ಬಂದಾಗ ಹಸು ಮರದಡಿಗೆ ಓಡುತ್ತದೆ, ಕುರಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಎಮ್ಮೆ ನಿಂತಲ್ಲೇ ನಿಲ್ಲುತ್ತದೆ ಎಂಬುದು ಸರಿಯೇ. ಆದರೆ ಬೆಳಗಿನಿಂದ ಯಾವುದಕ್ಕೆ ಹಂಬಲಿಸಿತ್ತೋ ಅದೇ ಆಕಾಶದಿಂದ ಬೀಳುತ್ತಿರುವಾಗ ಅದು ಓಡುವುದೆಲ್ಲಿಗೆ? ಮಳೆ ಅದಕ್ಕೆ ನಾಟಿದೆ, ಚೆನ್ನಾಗಿಯೇ ನಾಟಿದೆ.

‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬ ಇನ್ನೊಂದು ಮಾತಿದೆಯಲ್ಲ, ಅದೂ ಅನ್ಯಾಯವೇ. ಕೋಣದ ನೆಂಟರಾದ ದನಗಳ ಕಿವಿಯನ್ನು ಅಮೆರಿಕದ ವಿಜ್ಞಾನಿಗಳಾದ ಹೆಫ್ನರ್ ದಂಪತಿ ಪರೀಕ್ಷಿಸಿ 1983ರಲ್ಲಿ ಪ್ರಕಟಿಸಿದರು. ಮನುಷ್ಯನಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳಿಸಿದರೆ ದನಗಳಿಗೆ 35,000ದವರೆಗೆ ಕೇಳಿಸುತ್ತದೆ. ಕೇಳುವುದರಲ್ಲಿ ಅವು ನಮಗಿಂತ ಮುಂದು. ಹಿಂದೆ ಇರುವುದು ಬೇರೊಂದರಲ್ಲಿ: ಸದ್ದು ಯಾವ ದಿಕ್ಕಿನಿಂದ ಬಂತು ಎಂದು ಗುರುತಿಸುವುದರಲ್ಲಿ. ಮನುಷ್ಯ ಒಂದು ಡಿಗ್ರಿಯ ಆಚೀಚೆಯಲ್ಲೇ ಹೇಳಬಲ್ಲ. ಹಸುವಿಗೆ ಸುಮಾರು 30 ಡಿಗ್ರಿ ಅಂತರ ಬೇಕು.

ಏಕೆ ಹೀಗೆ ಎಂಬುದಕ್ಕೆ ಹೆಫ್ನರ್ ದಂಪತಿ ಕೊಟ್ಟ ವಿವರಣೆ ನನಗೆ ತುಂಬ ಹಿಡಿಸಿದೆ. ಕಿವಿಯ ಒಂದು ದೊಡ್ಡ ಕೆಲಸ ಕಣ್ಣಿಗೆ ದಾರಿ ತೋರುವುದು. ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ನಡುವಿನ ಒಂದು ಚಿಕ್ಕ ಜಾಗ ಮಾತ್ರ. ಆ ಜಾಗವನ್ನು ಸದ್ದಿನ ಕಡೆಗೆ ಗುರಿಯಿಟ್ಟು ತಿರುಗಿಸಬೇಕಾದರೆ ಕಿವಿ ನಿಖರವಾಗಿ ಹೇಳಲೇಬೇಕು. ಹಸುವಿಗೆ ಹಾಗಲ್ಲ. ತಲೆಯ ಎರಡು ಬದಿಗೆ ಕಣ್ಣು, ಸುತ್ತಲಿನ ಹೆಚ್ಚುಕಡಿಮೆ ಎಲ್ಲವೂ ತಲೆ ಎತ್ತದೆಯೇ ಕಾಣುತ್ತದೆ. ದಿಗಂತದುದ್ದಕ್ಕೂ ಒಂದು ಪಟ್ಟಿಯಷ್ಟು ಜಾಗ ಅದಕ್ಕೆ ಒಟ್ಟಿಗೇ ಚೆನ್ನಾಗಿ ಕಾಣುತ್ತದೆ. ಅಂಥ ಕಣ್ಣಿಗೆ ಕಿವಿ ‘ಆ ಕಡೆ’ ಎಂದರೆ ಸಾಕು. ಹಸುವಿಗೆ ಕಾಣದ ಜಾಗ ಎಂದರೆ ನೇರ ಹಿಂಬದಿ. ಅದಕ್ಕೇ ಕೊಟ್ಟಿಗೆಯ ಕೆಲಸ ಬಲ್ಲವರು ಹಿಂದಿನಿಂದ ಹೋಗುವಾಗ ‘ಹೋ ಹೋ’ ಎನ್ನುತ್ತ, ಬೆನ್ನ ಮೇಲೆ ಕೈಯಿಟ್ಟು, ಕೈಯನ್ನು ಎತ್ತದೆ ಪಕ್ಕಕ್ಕೆ ಬರುತ್ತಾರೆ. ಗೊತ್ತಿಲ್ಲದವರು ಸುಮ್ಮನೆ ಹೋಗಿ ಒದೆಸಿಕೊಂಡು, ಹಸು ಹಾಯುತ್ತದೆ, ಒದೆಯುತ್ತದೆ ಎಂದು ಹೆಸರಿಡುತ್ತಾರೆ.

ಮೇಯುವ ಪ್ರಾಣಿಗಳ ವಿಷಯ ಬಂದಮೇಲೆ ಆಡಿನ ಮಾತು ಬಾರದೆ ಇರುತ್ತದೆಯೇ. ಆಡು ಮುಟ್ಟದ ಸೊಪ್ಪಿಲ್ಲ. ಅದು ಮುಟ್ಟುವುದು ತುಟಿಯಿಂದ. ಹಸುವಿಗೆ ಮೇಲಿನ ಮುಂದವಡೆಯಲ್ಲಿ ಹಲ್ಲಿಲ್ಲ, ನಾಲಿಗೆ ಉದ್ದ. ಹುಲ್ಲಿನ ಹಿಡಿಯನ್ನು ನಾಲಿಗೆಯಿಂದ ಸುತ್ತಿ ಬಾಯಿಗೆಳೆದು ಕಿತ್ತು ತಿನ್ನುತ್ತದೆ. ಹಾಗಾಗಿ ಅದಕ್ಕೆ ಎತ್ತರದ ಹುಲ್ಲು ಬೇಕು. ಕುರಿಯ ಮೇಲ್ದುಟಿ ನಡುವೆ ಸೀಳಿದೆ, ಅದು ಬಾಯನ್ನು ನೆಲಕ್ಕೆ ಒತ್ತಿ ಹಸು ಬಿಟ್ಟುಹೋದ ಬುಡವನ್ನೂ ಕತ್ತರಿಸಬಲ್ಲದು. ಆಡಿನ ತುಟಿಗೆ ಚುರುಕು ಹೆಚ್ಚು. ಜಾಲಿಯ ಎರಡು ಮುಳ್ಳುಗಳ ನಡುವೆ ಇರುವ ಎಲೆಯನ್ನಷ್ಟೇ ಹಿಡಿದು ಬಿಡಿಸಿಕೊಳ್ಳುತ್ತದೆ, ಹಿಂಗಾಲ ಮೇಲೆ ನಿಂತು ಕೊಂಬೆಗೆ ಬಾಯಿ ಹಾಕುತ್ತದೆ, ಹಸು ಮೂಸಿ ಬಿಡುವ ಒಗರು, ಕಹಿ ಸೊಪ್ಪನ್ನೂ ತಡೆದುಕೊಳ್ಳುತ್ತದೆ. ಕುರಿ ಮಂದೆ ಬಯಲಲ್ಲಿ ತಲೆ ಬಗ್ಗಿಸಿ ಒಟ್ಟಾಗಿ ಸಾಗುವುದಕ್ಕೂ, ಆಡು ಬೇಲಿ ಬೇಲಿ ಹುಡುಕಿಕೊಂಡು ಚೆದುರುವುದಕ್ಕೂ ಆ ತುಟಿಗಳೂ ಕಾರಣ.

ಅದೇ ಆಡಿನ ಕಣ್ಣನ್ನು ಹತ್ತಿರದಿಂದ ನೋಡಿದ್ದೀರಾ? ಪಾಪೆ ದುಂಡಗಿಲ್ಲ, ಅಡ್ಡ ಪಟ್ಟಿಯಂತಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು ನೆಲದ ಮೇಲೆ ಬಾಳುವ 214 ಬಗೆಯ ಪ್ರಾಣಿಗಳ ಪಾಪೆಗಳನ್ನು ಹೋಲಿಸಿ 2015ರಲ್ಲಿ ಬರೆದರು. ಅಡ್ಡಪಾಪೆ ಇರುವುದು ಹೆಚ್ಚಾಗಿ ಬೇಟೆಗೆ ಗುರಿಯಾಗುವ ಮೇಯುವ ಪ್ರಾಣಿಗಳಿಗೆ. ನೆಲದುದ್ದಕ್ಕೂ ಎಲ್ಲಿಂದ ಏನು ಬರುತ್ತಿದೆ ಎಂದು ಅವಕ್ಕೆ ಕಾಣಬೇಕು. ಮೇಲಿನ ಸೂರ್ಯನ ಝಳ ಅಷ್ಟು ಬೇಡ. ಹಾಗಾದರೆ ಆಡು ತಲೆ ಬಗ್ಗಿಸಿ ಮೇಯುವಾಗ ಆ ಪಟ್ಟಿ ನೆಟ್ಟಗೆ ನಿಂತುಬಿಡಬೇಕಲ್ಲ? ನಿಲ್ಲುವುದಿಲ್ಲ. ತಲೆ ಬಗ್ಗಿದಂತೆ ಕಣ್ಣುಗುಡ್ಡೆಯೇ ಗೂಡಿನೊಳಗೆ 50 ಡಿಗ್ರಿಗೂ ಮಿಕ್ಕಿ ಹೊರಳಿ, ಪಾಪೆಯನ್ನು ನೆಲಕ್ಕೆ ಸಮವಾಗಿಯೇ ಇಡುತ್ತದೆ. ಮುಂದಿನ ಸಲ ಆಡು ಮೇಯುತ್ತಿರುವಾಗ ಪಕ್ಕಕ್ಕೆ ಕೂತು ನೋಡಿ, ಯಾವ ಉಪಕರಣವೂ ಬೇಡ. ಬೆಕ್ಕಿನದು ಇದಕ್ಕೆ ತದ್ವಿರುದ್ಧ, ನೆಟ್ಟ ಸೀಳು. ನೆಲಕ್ಕೆ ಹತ್ತಿರವಿದ್ದು ಹೊಂಚುಹಾಕಿ ನೆಗೆಯುವ ಚಿಕ್ಕ ಬೇಟೆಗಾರರಿಗೆ ದೂರವನ್ನು ಅಳೆಯಲು ಅಂಥ ಪಾಪೆ ನೆರವಾಗುತ್ತದೆ ಎಂದು ಅದೇ ಅಧ್ಯಯನ ಹೇಳುತ್ತದೆ. ಬೆಕ್ಕಿನ ಬಳಗದ್ದೇ ಆದರೂ ಎತ್ತರದ ಹುಲಿಯ ಪಾಪೆ ದುಂಡಗೆ. ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲ ಎಂಬುದೂ 2005ರಲ್ಲಿ ಗೊತ್ತಾಯಿತು. ಸಿಹಿ ಹಿಡಿಯುವ ಜೀನು ಅದರಲ್ಲಿ ಕೆಟ್ಟುಹೋಗಿದೆ. ಮೈಸೂರುಪಾಕಿನ ತಟ್ಟೆಗೆ ಬೆಕ್ಕು ಬಾಯಿ ಹಾಕಿದರೆ ಅದು ಬಂದದ್ದು ತುಪ್ಪಕ್ಕೆ.

ಕೋಳಿ, ಪಾರಿವಾಳ ನಡೆಯುವಾಗ ಕತ್ತು ಮುಂದಕ್ಕೂ ಹಿಂದಕ್ಕೂ ಆಡಿಸುವುದನ್ನು ಮಕ್ಕಳು ಅಣಕಿಸುತ್ತಾರೆ. ಅವುಗಳ ಕಣ್ಣು ಗೂಡಿನೊಳಗೆ ನಮ್ಮ ಕಣ್ಣಿನಷ್ಟು ಹೊರಳದು. ನಡೆಯುತ್ತಿರುವಾಗ ನೋಟ ಕದಡದಿರಬೇಕಾದರೆ ತಲೆಯನ್ನೇ ಒಂದು ಕ್ಷಣ ನಿಲ್ಲಿಸಬೇಕು, ಅಷ್ಟರಲ್ಲಿ ಮೈ ಮುಂದೆ ಬರುತ್ತದೆ, ಮತ್ತೆ ತಲೆ ಮುಂದಕ್ಕೆ ಚಿಮ್ಮುತ್ತದೆ. ಕೆನಡಾದ ವಿಜ್ಞಾನಿ ಬ್ಯಾರಿ ಫ್ರಾಸ್ಟ್ 1978ರಲ್ಲಿ ಪಾರಿವಾಳವನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಕಾಲು ನಡೆಯುತ್ತಿತ್ತು, ಸುತ್ತಲಿನ ನೋಟ ಕದಲುತ್ತಿರಲಿಲ್ಲ. ಕತ್ತಿನ ಆಟ ನಿಂತುಹೋಯಿತು. ನಾಟಿಕೋಳಿಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದು ಮೈಯನ್ನು ಆಚೀಚೆ ಸರಿಸಿದರೆ ತಲೆ ಮಾತ್ರ ಗಾಳಿಯಲ್ಲಿ ಒಂದೇ ಕಡೆ ನೆಟ್ಟು ನಿಲ್ಲುವುದು ಇದೇ ಕಾರಣಕ್ಕೆ.

ನಾಯಿಯ ವಿಷಯಕ್ಕೆ ಬರೋಣ, ಏಕೆಂದರೆ ಊರಲ್ಲಿರುವ ನಮಗೆ ದಿನಾ ಸಿಗುವ ಪ್ರಾಣಿ ಅದೇ. ಬೆಂಗಳೂರು ಮೈಸೂರುಗಳ ಬಡಾವಣೆಗಳಲ್ಲಿ ಬೆಳಗ್ಗೆ ನಾಯಿ ಹಿಡಿದು ಹೊರಟವರನ್ನು ನೋಡುತ್ತೇನೆ. ನಾಯಿ ಒಂದು ಕಂಬದ ಬುಡ ಮೂಸಲು ನಿಲ್ಲುತ್ತದೆ; ಯಜಮಾನರು ಫೋನಿನಲ್ಲಿ ಮಾತಾಡುತ್ತ ಹಗ್ಗ ಜಗ್ಗುತ್ತಾರೆ. ಎರಡು ಹೆಜ್ಜೆ ಮುಂದೆ ಮತ್ತೆ ನಿಲ್ಲುತ್ತದೆ, ಮತ್ತೆ ಜಗ್ಗುತ್ತಾರೆ. ನೋಡಲು ನನಗೆ ಸಂಕಟ. ನಾಯಿಯ ಮೂಗಿನೊಳಗೆ ಗಾಳಿ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಪುಪ್ಪುಸಕ್ಕೆ ಹೋದರೆ ಇನ್ನೊಂದು ಪಾಲು ಹಿಂಬದಿಯ ವಾಸನೆಯ ಕೋಣೆಗೆ. ಮೂಸುವಾಗ ಸೆಕೆಂಡಿಗೆ ಐದಾರು ಸಲ ಒಳಗೆಳೆಯುತ್ತದೆ. ಬಿಡುವ ಉಸಿರು ಹೊಳ್ಳೆಯ ಪಕ್ಕದ ಸೀಳಿನಿಂದ ಹಿಂದಕ್ಕೆ ಹೋಗುವುದರಿಂದ ಎದುರಿಗಿನ ವಾಸನೆ ಚದುರಿಹೋಗುವುದಿಲ್ಲ. ಆ ಕಂಬದಲ್ಲಿ ನಿನ್ನೆ ರಾತ್ರಿಯಿಂದ ಯಾರು ಬಂದರು, ಗಂಡೋ ಹೆಣ್ಣೋ, ಎಷ್ಟು ಹೊತ್ತಾಯಿತು ಎಂಬುದೆಲ್ಲ ಇದೆ. ನಾಯಿಗೆ ವಾಕಿಂಗ್ ಎಂದರೆ ಅದು. ಅದನ್ನು ಬಿಡಿಸಿ ಬರಿಯ ಕಾಲು ನಡೆಸಿಕೊಂಡು ಬಂದರೆ ಅರ್ಧ ಕೆಲಸವೂ ಆಗಿರುವುದಿಲ್ಲ. ಇನ್ನು ಬಣ್ಣದ ವಿಷಯ: ನಾಯಿಗೆ ನೀಲಿ, ಹಳದಿ ಚೆನ್ನಾಗಿ ತಿಳಿಯುತ್ತದೆ, ಕೆಂಪು ಹಸಿರಿನ ವ್ಯತ್ಯಾಸ ತಿಳಿಯದು. ಹುಲ್ಲಿನ ಮೇಲೆ ಕೆಂಪು ಚೆಂಡು ಎಸೆದು, ತರಲಿಲ್ಲ ಎಂದು ಬೈಯಬಾರದು. ನೀಲಿ ಚೆಂಡು ಕೊಡಿ.

ಎಲ್ಲ ನಾಯಿಗಳ ಕಣ್ಣೂ ಒಂದೇ ಬಗೆಯದಲ್ಲ ಎಂಬುದನ್ನು ಸಿಡ್ನಿ ವಿಶ್ವವಿದ್ಯಾಲಯದ ಪಾಲ್ ಮೆಕ್‌ಗ್ರೀವಿ ತಂಡ 2004ರಲ್ಲಿ ತೋರಿಸಿತು. ಉದ್ದ ಮೂತಿಯ ನಾಯಿಗಳ ಅಕ್ಷಿಪಟಲದಲ್ಲಿ ನೋಟದ ಜೀವಕೋಶಗಳು ಅಡ್ಡಪಟ್ಟಿಯಾಗಿ ಹರಡಿವೆ. ಮೋಟು ಮೂತಿಯವಕ್ಕೆ ನಡುವೆ ಒಂದೆಡೆ ಒತ್ತಾಗಿವೆ. ಇದನ್ನು ಓದಿದಾಗ ನನಗೆ ಮೊದಲು ಕಣ್ಣಿಗೆ ಕಟ್ಟಿದ್ದು ಮುಧೋಳದ ನಾಯಿ. ಬಾಗಲಕೋಟೆ ಜಿಲ್ಲೆಯ ಆ ಬಯಲಿನಲ್ಲಿ ಮೊಲ ಓಡಿಸಲು ಬೆಳೆಸಿದ ತಳಿ. ಉದ್ದ ಮೂತಿ, ಸಪೂರ ಸೊಂಟ, ಆಳವಾದ ಎದೆ, ನೀಳ ಕಾಲು. ಈಗ ಅಲ್ಲೇ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಿದೆ, ಸೇನೆಯೂ ಅದಕ್ಕೆ ತರಬೇತಿ ಕೊಟ್ಟು ನೋಡಿದೆ. ಬಯಲ ಅಂಚಿನಲ್ಲಿ ಏನೋ ಕದಲಿದರೆ ಆ ನಾಯಿಯ ಮೈಯೆಲ್ಲ ಬಿಗಿಯುತ್ತದೆ. ಅದು ಕೆಲಸ ಮಾಡುವುದು ಕಣ್ಣಿನಿಂದ. ಅಂಥದ್ದನ್ನು ಎರಡು ಕೋಣೆಯ ಫ್ಲ್ಯಾಟಿಗೆ ತಂದು ಕಟ್ಟಿ, ಬಾಲ್ಕನಿಯಿಂದ ಸ್ಕೂಟರ್ ಕಂಡಾಗಲೆಲ್ಲ ನೆಗೆಯುತ್ತದೆ, ಹೇಳಿದ ಮಾತು ಕೇಳುವುದಿಲ್ಲ ಎಂದು ದೂರುವವರಿದ್ದಾರೆ. ತೊಡೆಯ ಮೇಲೆ ಕೂತು ಮುಖವನ್ನೇ ನೋಡುವ ನಾಯಿ ಬೇಕಿದ್ದರೆ ಮುಧೋಳಕ್ಕೆ ಹೋಗಬಾರದಿತ್ತು.

ನಾಯಿಯ ಮೂಗಿನ ಮಾತಾಡಿದ ಮೇಲೆ ಹಾವು ಬರಲೇಬೇಕು, ಆದರೆ ಮೊದಲು ಅದರ ಕಿವಿಯ ಮಾತು. ಪುಂಗಿಯ ನಾದಕ್ಕೆ ನಾಗರ ತಲೆದೂಗುತ್ತದೆ ಎಂದು ನಂಬಿದವರು ಇನ್ನೂ ಇದ್ದಾರೆ. ಹಾವಿಗೆ ಹೊರಕಿವಿಯಿಲ್ಲ, ಕಿವಿಯ ತಮಟೆಯಿಲ್ಲ. ಒಳಕಿವಿ ದವಡೆಯ ಎಲುಬಿಗೆ ಕೂಡಿಕೊಂಡಿದೆ, ಹಾಗಾಗಿ ನೆಲದ ಅದುರು ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಗಾಳಿಯಲ್ಲಿ ಬರುವ ಸದ್ದಿನಲ್ಲಿ ತಗ್ಗು ದನಿ ಅಷ್ಟಿಷ್ಟು. ಹೆಡೆ ಅತ್ತಿತ್ತ ಆಡುವುದು ಕಣ್ಣೆದುರು ಆಡುವ ಪುಂಗಿಯನ್ನೂ ಹಾವಾಡಿಗನ ಮಂಡಿಯನ್ನೂ ಹಿಂಬಾಲಿಸಿ. ಆಪತ್ತಿನ ಮುಂದೆ ಎದ್ದು ನಿಂತ ಪ್ರಾಣಿ ಆಪತ್ತಿನಿಂದ ಕಣ್ಣು ಕೀಳುವುದಿಲ್ಲ, ಅಷ್ಟೇ.

ಹಾವಿನ ನಿಜವಾದ ಬಲ ಅದರ ಸೀಳುನಾಲಿಗೆ. ಎರಡು ತುದಿಗಳೂ ಎರಡು ಕಡೆಯ ವಾಸನೆಯನ್ನು ಬೇರೆಬೇರೆಯಾಗಿ ತಂದು ಬಾಯಿಯ ಅಂಗುಳದಲ್ಲಿರುವ ವಾಸನೆಯ ಅಂಗಕ್ಕೆ ಮುಟ್ಟಿಸುತ್ತವೆ. ಎಡಕ್ಕೆ ಹೆಚ್ಚಿದ್ದರೆ ಎಡಕ್ಕೆ, ಬಲಕ್ಕೆ ಹೆಚ್ಚಿದ್ದರೆ ಬಲಕ್ಕೆ. ಮಲೆನಾಡಿನ ಕಾಳಿಂಗ ಸರ್ಪ ಹೀಗೆ ಇನ್ನೊಂದು ಹಾವಿನ ಜಾಡು ಹಿಡಿದು ಹೋಗಿ ಅದನ್ನೇ ತಿನ್ನುತ್ತದೆ, ಹೆಣ್ಣಿನ ಜಾಡು ಹಿಡಿದು ಗಂಡು ಮನೆಯಂಗಳ, ಕೊಟ್ಟಿಗೆ, ಅಡಿಕೆ ತೋಟ ಎಲ್ಲವನ್ನೂ ದಾಟುತ್ತದೆ. ಬೇಸಿಗೆಯಲ್ಲಿ ಕಾಳಿಂಗ ಮನೆಯೊಳಗೆ ಬಂತು ಎಂದು ಗಾಬರಿಯಾದಾಗ ಬಹಳ ಸಲ ಅದು ಬಂದದ್ದು ನಮ್ಮನ್ನು ಹುಡುಕಿಕೊಂಡಲ್ಲ. ನಮ್ಮ ಮನೆ ಆ ಜಾಡಿನ ನಡುವೆ ಇತ್ತು. ಆಗುಂಬೆಯಲ್ಲಿ ಹಾವುತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಕಟ್ಟಿದ ಸಂಶೋಧನಾ ಕೇಂದ್ರದವರು ಈ ಹಾವಿಗೆ ರೇಡಿಯೊ ಅಳವಡಿಸಿ ಕಾಡೆಲ್ಲ ಹಿಂದೆ ಹಿಂದೆ ನಡೆದಿದ್ದಾರೆ. ಪಶ್ಚಿಮ ಘಟ್ಟದ್ದು ಬೇರೆಯೇ ಪ್ರಭೇದ ಎಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿ ಅದಕ್ಕೆ ನಮ್ಮ ಕಾಳಿಂಗ ಎಂಬ ಹೆಸರನ್ನೇ ಇಟ್ಟರು.

ಕೈಯಿಲ್ಲದ, ಕಾಲಿಲ್ಲದ ಈ ಪ್ರಾಣಿ ಗೂಡು ಕಟ್ಟುವ ಬಗೆ ನನಗೆ ಎಷ್ಟು ಹೇಳಿದರೂ ಸಾಲದು. ಮುಂಗಾರಿಗೆ ಮೊದಲು ಹೆಣ್ಣು ಕಾಳಿಂಗ ಒಂದು ಜಾಗ ಆರಿಸಿ, ಸುತ್ತಲಿನ ತರಗೆಲೆಯ ಮೇಲೆ ಮೈಯನ್ನು ಬಾಗಿಸಿ ಮೆಲ್ಲಗೆ ಎಳೆಯುತ್ತದೆ. ಮೈಯ ಬಾಗಿನೊಳಗೆ ಸಿಕ್ಕ ಎಲೆ, ಬಿದಿರ ಸೋಗೆ ಒಂದಿಷ್ಟು ಸರಿಯುತ್ತದೆ. ಮತ್ತೆ ಬಾಗು, ಮತ್ತೆ ಎಳೆತ. ಗುಡ್ಡೆ ಎತ್ತರವಾದ ಮೇಲೆ ಒಳಹೊಕ್ಕು ಸುರುಳಿ ಸುತ್ತಿ ಒತ್ತಿ ಒತ್ತಿ ನಡುವೆ ಮೊಟ್ಟೆಗೆ ಜಾಗ ಮಾಡುತ್ತದೆ. ಮೊಟ್ಟೆಯಿಟ್ಟು ಮೇಲೆ ಇನ್ನಷ್ಟು ಎಲೆ ಮುಚ್ಚಿ ಕಾವಲು ಕೂರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ ಮೇಲಿನ ಎಲೆ ತೊಯ್ದರೂ ಒಳಗಿನ ಮೊಟ್ಟೆ ಬೆಚ್ಚಗಿರುತ್ತದೆ. ಹಾವುಗಳಲ್ಲಿ ಹೀಗೆ ಎಲೆ ಗುಡ್ಡೆಹಾಕಿ ಗೂಡು ಕಟ್ಟುವುದು ಕಾಳಿಂಗದ ಬಳಗವೊಂದೇ. ತೋಟ ಗುಡಿಸುವವರು ಅಂಥ ಗುಡ್ಡೆ ಕಂಡರೆ ಬೆಂಕಿ ಹಾಕದೆ ಅರಣ್ಯ ಇಲಾಖೆಗೆ ಒಂದು ಮಾತು ತಿಳಿಸಬೇಕು. ಈಚೆಗೆ ಹಲವರು ತಿಳಿಸುತ್ತಾರೆ, ಕಾದು ಕೂತು ಮರಿ ಹೊರಡಲು ಬಿಡುತ್ತಾರೆ. ಆ ಮನೆಯವರ ಬಗ್ಗೆ ನನಗೆ ದೊಡ್ಡ ಗೌರವ.

ಅದೇ ಮಲೆನಾಡು, ಕೊಡಗಿನಲ್ಲಿ ಆನೆಯ ಸಂಕಟ ಬೇರೆ. ಆನೆಯ ಕಣ್ಣು ಸಣ್ಣದು, ಮೂಗಿಗೆ ಸಾಟಿಯಿಲ್ಲ. ಥಾಯ್ಲೆಂಡಿನಲ್ಲಿ ಮುಚ್ಚಿದ ಎರಡು ಬಕೆಟ್ ಮುಂದಿಟ್ಟಾಗ ಯಾವುದರಲ್ಲಿ ಸೂರ್ಯಕಾಂತಿ ಬೀಜ ಹೆಚ್ಚಿದೆ ಎಂದು ಆನೆಗಳು ಮೂಸಿಯೇ ಆರಿಸಿದವು. ಹಲಸು ಹಣ್ಣಾದ ಸುದ್ದಿ ತೋಟದ ಮಾಲೀಕರಿಗಿಂತ ಮೊದಲು ಆನೆಗೆ ಮುಟ್ಟುವುದರಲ್ಲಿ ಏನಾಶ್ಚರ್ಯ? ತಿಂದದ್ದರಲ್ಲಿ ಅರ್ಧದಷ್ಟೂ ಅದರ ಹೊಟ್ಟೆಯಲ್ಲಿ ಅರಗುವುದಿಲ್ಲ, ಹಾಗಾಗಿ ದಿನದ ಬಹುಪಾಲು ತಿನ್ನುತ್ತಲೇ, ನಡೆಯುತ್ತಲೇ ಇರಬೇಕು. ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ 1984ರಲ್ಲಿ ಪ್ರಾಣಿಗಳ ದನಿಯನ್ನು ಅಭ್ಯಸಿಸುವ ಕೇಟಿ ಪೇನ್ ಏಷ್ಯಾದ ಆನೆಗಳ ಬಳಿ ನಿಂತಿದ್ದಾಗ ಸದ್ದೇನೂ ಇಲ್ಲದೆ ಗಾಳಿ ಮಿಡಿದಂತಾಯಿತು. ನಮ್ಮ ಕಿವಿಗೆ ನಿಲುಕದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಮಾತಾಡಿಕೊಳ್ಳುತ್ತಿದ್ದವು. ಅಂಥ ದನಿ ಕಾಡಿನಲ್ಲಿ ಬಹುದೂರ ಸಾಗುತ್ತದೆ. ಒಂದು ಗುಂಪು ಎಸ್ಟೇಟಿನ ಈ ತುದಿಯಲ್ಲಿ, ಇನ್ನೊಂದು ಆ ತುದಿಯಲ್ಲಿ, ಎರಡೂ ಒಟ್ಟಿಗೇ ತಿರುಗಿದವು ಎಂದು ಕಾವಲುಗಾರರು ಬೆರಗಾಗುವುದರ ಹಿಂದೆ ಈ ದನಿಯೂ ಇದ್ದೀತು. ಇಷ್ಟು ದೊಡ್ಡ ಮೈಗೂ ಜೇನಿನ ಭಯವಿದೆ: ಕಣ್ಣ ಸುತ್ತ, ಸೊಂಡಿಲಿನ ಒಳಗೆ ತೊಗಲು ತೆಳು. 2021ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ನಾಗರಹೊಳೆಯ ಅಂಚಿನ ಕೊಡಗಿನ ಹಳ್ಳಿಗಳಲ್ಲಿ ಆನೆ ದಾರಿಗೆ ಜೇನುಪೆಟ್ಟಿಗೆ ಇಟ್ಟು ನೋಡಿದ್ದು ಈ ನಂಬಿಕೆಯ ಮೇಲೆ.

ಜೇನಿನ ಹೆಸರು ಬಂದಮೇಲೆ ನಾನು ಸುಲಭಕ್ಕೆ ಬಿಡುವವನಲ್ಲ. ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಷ್, ಹೂವು ಯಾವ ದಿಕ್ಕಿಗೆ, ಎಷ್ಟು ದೂರ ಎಂದು ಗೂಡಿನವರಿಗೆ ತಿಳಿಸುವ ಜೇನಿನ ಕುಣಿತದ ಅರ್ಥ ಬಿಡಿಸಿದ್ದು ಎಲ್ಲರೂ ಬಲ್ಲದ್ದು. ನಮ್ಮ ತುಡುವೆ ಜೇನು ಮರದ ಪೊಟರೆಯ ಕತ್ತಲಲ್ಲಿ, ನೆಟ್ಟಗೆ ಇಳಿಬಿದ್ದ ಎರಿಯ ಮೇಲೆ ಕುಣಿಯುತ್ತದೆ. ಅಲ್ಲಿ ಸೂರ್ಯ ಕಾಣನು, ಹಾಗಾಗಿ ಎರಿಯ ಮೇಲ್ಮುಖವೇ ಸೂರ್ಯನ ದಿಕ್ಕು ಎಂದು ಲೆಕ್ಕ. ಕೋಲುಜೇನಿನ ಸಂಸಾರವೇ ಬೇರೆ. ಬೇಲಿಯ ಒಂದು ಕಡ್ಡಿಯನ್ನು ಸುತ್ತಿ, ಬಯಲಲ್ಲೇ, ಅಂಗೈಯಗಲ ಎರಿ ಕಟ್ಟುತ್ತದೆ. ಕಡ್ಡಿಯ ಮೇಲ್ಭಾಗದಲ್ಲಿ ಎರಿ ಅಗಲವಾಗಿ ಮಟ್ಟಸ ಜಗಲಿಯಾಗಿದೆ. ಮಕರಂದ ಕಂಡು ಬಂದ ನೊಣ ಆ ಜಗಲಿಯ ಮೇಲೆ, ಆಕಾಶದ ಕೆಳಗೆ, ಹೂವಿರುವ ದಿಕ್ಕಿಗೆ ಮುಖಮಾಡಿಯೇ ಕುಣಿಯುತ್ತದೆ. ಲೆಕ್ಕ ತಿರುಗಿಸುವ ಕೆಲಸವಿಲ್ಲ, ನೇರ ತೋರಿಸಿಬಿಡುತ್ತದೆ. ಫ್ರಿಷ್ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕೆಗೆ ಬಂದು ಇದನ್ನು ಕಂಡರು. ಮನೆ ಕಟ್ಟುವ ಬಗೆ ಬದಲಾದರೆ ಮಾತಾಡುವ ಬಗೆಯೂ ಬದಲಾಗುತ್ತದೆ ಎಂಬುದು ನಮ್ಮ ಬೇಲಿಗಳಲ್ಲೇ ಇತ್ತು.

ದೂರವನ್ನು ಜೇನು ಅಳೆಯುವುದು ಹೇಗೆ ಎಂಬುದನ್ನು ಬಿಡಿಸಿದವರಲ್ಲಿ ಮುಂದಿನವರು ಮಂಡ್ಯಂ ಶ್ರೀನಿವಾಸನ್. ಬೆಂಗಳೂರಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಲಿತು, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಜೇನಿನ ಹಿಂದೆ ಬಿದ್ದವರು. ಗೋಡೆಗೆ ಗೀರುಚಿತ್ರ ಹಚ್ಚಿದ ಸುಮಾರು 6 ಮೀಟರಿನ ಇಕ್ಕಟ್ಟು ಸುರಂಗದಲ್ಲಿ ಅವರ ತಂಡ ಜೇನನ್ನು ಹಾರಿಸಿತು. ಗೂಡಿಗೆ ಮರಳಿದ ಜೇನು ಹೆಚ್ಚುಕಡಿಮೆ 200 ಮೀಟರ್ ಹೋಗಿಬಂದ ಹಾಗೆ ಕುಣಿಯಿತು. ಗೋಡೆ ಹತ್ತಿರವಿದ್ದುದರಿಂದ ಕಣ್ಣಮುಂದೆ ಸರಿದುಹೋದ ನೋಟ ಅಷ್ಟು ಹೆಚ್ಚು. ಜೇನಿನ ಮಟ್ಟಿಗೆ ದೂರವೆಂದರೆ ಕಣ್ಣಮುಂದೆ ಎಷ್ಟು ಸರಿಯಿತೋ ಅಷ್ಟು.

ಕೊನೆಗೆ ಹೆಜ್ಜೇನು. ಇದರ ಬಗ್ಗೆ ಹೇಳಲೇಬೇಕಾದ ಮಾತಿದೆ, ಏಕೆಂದರೆ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿ ಪ್ರತಿ ವರ್ಷ ಇದಕ್ಕೆ ಔಷಧಿ ಹೊಡೆದು ಎರಿಗಟ್ಟಲೆ ಸಾಯಿಸುತ್ತಿದ್ದಾರೆ. ಬಂಡೆಯ ಚಾಚು, ಎತ್ತರದ ಮರದ ಕೊಂಬೆಯಡಿ ಜೋತು ಕಟ್ಟುವ ಜಾತಿ ಇದು. ಅದರ ಲೆಕ್ಕದಲ್ಲಿ ಹತ್ತನೇ ಮಹಡಿಯ ಸಜ್ಜವೂ ಒಂದು ಬಂಡೆಯೇ. ತುಡುವೆಗಿಂತ ಇದರ ಮೈ ದೊಡ್ಡದು, ಕಣ್ಣೂ ದೊಡ್ಡದು, ತಲೆಯ ಮೇಲಿನ ಮೂರು ಸಣ್ಣ ಕಣ್ಣುಗಳೂ ದೊಡ್ಡವು. ಹಾಗಾಗಿ ಬೇರೆ ಜೇನು ಮಲಗಿದ ಮೇಲೂ ಬೆಳದಿಂಗಳಲ್ಲಿ ಹೂವಿಗೆ ಹೋಗಿಬರಬಲ್ಲದು. ಬೆಳದಿಂಗಳನ್ನು ನಂಬಿ ಹಾರುವ ಅದೇ ಕಣ್ಣು ನಮ್ಮ ಟ್ಯೂಬ್‌ಲೈಟಿಗೂ ಸೆಳೆಯಲ್ಪಡುತ್ತದೆ. ರಾತ್ರಿ ಅಡುಗೆಮನೆಯ ಕಿಟಕಿಗೆ ಬಂದು ಬಡಿಯುವ ಜೇನು ಕಚ್ಚಲು ಬಂದದ್ದಲ್ಲ. ಎರಿ ಇರುವ ಕಡೆಯ ಬಾಲ್ಕನಿ ದೀಪ ಆರಿಸಿ, ಕಿಟಕಿಗೆ ದಪ್ಪ ಪರದೆ ಎಳೆದರೆ ಬಹುಪಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ. ಹೊಗೆ ಹಾಕಬೇಡಿ, ಎರಿಯ ಹತ್ತಿರ ಗದ್ದಲ ಮಾಡಬೇಡಿ, ಮಕ್ಕಳನ್ನು ದೂರ ಇರಿಸಿ. ಹೂವಿನ ಕಾಲ ಮುಗಿದೊಡನೆ ಹೆಜ್ಜೇನು ತಾನಾಗಿಯೇ ಎರಿ ಬಿಟ್ಟು ಬೇರೆ ಸೀಮೆಗೆ ಹೊರಡುತ್ತದೆ, ಕೆಲವು ತಿಂಗಳ ಮಾತು. ಅಷ್ಟೂ ಕಾಯಲಾಗದಷ್ಟು ಹತ್ತಿರ ಕಟ್ಟಿದ್ದರೆ, ಔಷಧಿ ಹೊಡೆಯುವವರಿಗೆ ಫೋನ್ ಮಾಡುವ ಮುನ್ನ ಜೇನು ಕೃಷಿ ಬಲ್ಲವರನ್ನು ಕೇಳಿ. ಜೀವ ತೆಗೆಯದೆ ಎಬ್ಬಿಸುವ ಕೈಗಳು ಇನ್ನೂ ಇವೆ.